ಯಂತ್ರದ ಕಣ್ಣಿಗೆ ಕುವಳಾಲ

ಕೃತಕ ಬುದ್ಧಿಮತ್ತೆಯ ಶೋಧಕಗಳಿಗೆ ಕಾಣುವಂತೆ ಬರೆಯುವುದು ವ್ಯಾಪಾರಿಗಳ ತಂತ್ರವೆಂದು ನಮ್ಮ ವಿದ್ವಾಂಸರು ಮೂಗು ಮುರಿಯುತ್ತಾರೆ. ಈ ತಾತ್ಸಾರ ಸಲ್ಲದು. ಗಂಗರ ಕುವಳಾಲಪುರವೇ ಇಂದಿನ ಕೋಲಾರ. ಆ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿಯೇ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟವಾಗಿ ಪ್ರಕಟಿಸಿದರು. ನಾವಾದರೋ ಅವುಗಳ ಮೇಲಿನ ಲೇಖನಗಳನ್ನು ಚಿತ್ರರೂಪದ ಪುಟಗಳಲ್ಲಿ, ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಹೂತಿಡುತ್ತೇವೆ. ಹೀಗಿರಲು, ಚಿನ್ನದ ಗಣಿಯ ಕೋರಮಂಡಲ್‌ನ ವಿದ್ಯಾರ್ಥಿ ಕೆ.ಜಿ.ಎಫ್. ಚರಿತ್ರೆಯನ್ನು ಕೇಳಿದಾಗ ಯಂತ್ರವು 2018ರ ಚಲನಚಿತ್ರವನ್ನು ಮುಂದಿಟ್ಟರೆ ಆಶ್ಚರ್ಯವೇನು?

ಜನಪ್ರಿಯ ಪದಗಳನ್ನು ತುರುಕುವುದು ಪರಿಹಾರವಲ್ಲ. ಯುನಿಕೋಡ್ ಪಠ್ಯ, ಸ್ಥಳದ ಹಳೆಯ ಹಾಗೂ ಹೊಸ ಹೆಸರು, ಶಾಸನದ ಸಂಖ್ಯೆ, ಕಾಲ, ಆಕರ: ಮೊದಲು ಬೇಕಾದವು ಇವು. ಇವೆಲ್ಲ ಗ್ರಂಥಸಂಪಾದನೆಯ ಹಳೆಯ ಶಿಸ್ತೇ. ನಾವೇ ಓದಗೊಡದ ಶಾಸನವನ್ನು ಯಂತ್ರ ಅರಿಯದೆಂದು ದೂರುವ ಹಕ್ಕು ನಮಗೆಲ್ಲಿದೆ?