ಕ್ಯಾಂಪ್ ಬೆಂಕಿಗೆ ಸೌದೆ ಎಲ್ಲಿ ಸಿಗುತ್ತೆ, ಸ್ವಾಮಿ?

ಸಿನಿಮಾದಲ್ಲಿ ಹೀರೋ ಕಾಡಿಗೆ ಕಾಲಿಟ್ಟರೆ ಸಾಕು, ಮುಂದಿನ ಶಾಟ್‌ನಲ್ಲಿ ಬೆಂಕಿ ಧಗಧಗ! ಆ ಸೌದೆ ಯಾರು ಹೊತ್ತು ತಂದರು, ದುಡ್ಡು ಯಾರು ಕೊಟ್ಟರು ಅಂತ ಒಬ್ಬ ಪ್ರೇಕ್ಷಕನೂ ಕೇಳೋದಿಲ್ಲ. ಅವರಿಗೆ ಪ್ರೊಡಕ್ಷನ್ ಮ್ಯಾನೇಜರ್ ಇರ್ತಾನೆ. ನಮಗೆ? ಆರು ಜನ ಗೆಳೆಯರು, ಮೂರು ಬೈಕು, ಪೆಟ್ರೋಲಿಗೆ ಹಾಕಿ ಉಳಿದ ಚಿಲ್ಲರೆ, ಅಷ್ಟೆ! ಅದಕ್ಕೇ ಈ ವಾರ ಗಾಂಧಿನಗರದ ಗಾಸಿಪ್ ಪಕ್ಕಕ್ಕಿಟ್ಟು ಸೌದೆ ಪುರಾಣ ಹೇಳ್ತೀನಿ, ಕೇಳಿ.

ಕಾಡಲ್ಲಿ ಬಿದ್ದಿದೆಯಲ್ಲ, ಪುಕ್ಕಟೆ ಅಂತೀರಾ? ಆ ಆಸೆ ಬಿಡಿ ಗೆಳೆಯರೇ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು, ಅನುಮತಿಯಿಲ್ಲದೆ ಮರಮುಟ್ಟು ತೆಗೆಯುವುದು ಅಪರಾಧ. 1975ರ ‘ಶೋಲೆ’ ಚಿತ್ರೀಕರಣವಾದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಗಬ್ಬರ್ ಸಿಂಗನೇ ಎದ್ದು ಬಂದರೂ ಈಗ ಅಲ್ಲಿ ಒಲೆ ಹೂಡುವಂತಿಲ್ಲ! 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬಿದ್ದ ಬೆಂಕಿಗೆ ಸಾವಿರಾರು ಎಕರೆ ಕಾಡು ಬೂದಿಯಾಯಿತು. 1973ರ ‘ಗಂಧದ ಗುಡಿ’ಯಲ್ಲಿ ಅಣ್ಣಾವ್ರು ಅರಣ್ಯಾಧಿಕಾರಿಯಾಗಿ ಕಾಡು ಕಾದದ್ದಕ್ಕೆ ಶಿಳ್ಳೆ ಹೊಡೆಯೋ ನಾವೇ ಅಲ್ಲಿ ಕಡ್ಡಿ ಗೀರಿದರೆ ಏನು ಚೆಂದ? ತೋಟವೋ, ಹೋಂಸ್ಟೇಯೋ, ಮಾಲೀಕರು ಒಪ್ಪಿದ ಜಾಗದಲ್ಲೇ ಬೆಂಕಿ ಹಾಕಿ.

ಆದರೆ ಹೋಂಸ್ಟೇಯಲ್ಲಿ ಒಂದು ಹೊರೆ ಸೌದೆಯ ರೇಟು ಕೇಳಿದರೆ ಎದೆ ಝಲ್ಲೆನ್ನುತ್ತೆ! ನಾನು ಮಾಡೋದು ಇಷ್ಟು. ಹೊರಡುವ ಮುನ್ನ ದಾರಿಯ ಊರಿನ ಸಾಮಿಲ್‌ಗೆ ಹೋಗ್ತೀನಿ. ಹಲಗೆ ಕುಯ್ದು ಉಳಿದ ಅಂಚುಪಟ್ಟಿ, ತುಂಡುಗಳು ಅವರಿಗೆ ಬೇಡದ ಸರಕು. ಮೂಟೆ ಲೆಕ್ಕದಲ್ಲಿ ಅಗ್ಗಕ್ಕೆ ಕೊಡ್ತಾರೆ. ಅಲ್ಲಿ ಇಲ್ಲವೆಂದರೆ ಸೌದೆ ಡಿಪೋ. ಸರ್ವೆ ಸೌದೆ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ, ಕಾವು ಜೋರು, ಕೆಂಡ ಚೆನ್ನಾಗಿ ನಿಲ್ಲುತ್ತೆ. ಬಳ್ಳಾರಿ, ರಾಯಚೂರು ಕಡೆ ಹೋದರೆ ಜಾಲಿ ಕಟ್ಟಿಗೆ ಕೇಳಿ. ತಿಪಟೂರು, ಅರಸೀಕೆರೆ ಕಡೆ ತೋಟದವರನ್ನು ‘ಅಣ್ಣಾ, ಒಣಗಿದ ಮಟ್ಟೆ, ಕರಟ ಇದೆಯಾ?’ ಅಂತ ಮರ್ಯಾದೆಯಿಂದ ಕೇಳಿ. ಬೆಂಕಿ ಹೊತ್ತಿಸೋಕೆ ಕರಟದಂಥ ವಸ್ತು ಇನ್ನೊಂದಿಲ್ಲ.

ತೂಕದ ಮೇಲೆ ಕೊಂಡರೆ ಹುಷಾರು! ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ನೀರಿಗೂ ದುಡ್ಡು ಕೊಟ್ಟು, ರಾತ್ರಿಯಿಡೀ ಹೊಗೆಯಲ್ಲಿ ಕಣ್ಣೀರಿಡೋದು ಯಾರಿಗೆ ಬೇಕು? ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ‘ಟಣ್’ ಅನ್ನುತ್ತೆ, ಹಸಿಯಾದರೆ ‘ದಬ್’. ತುದಿಯಲ್ಲಿ ಬಿರುಕು ಬಿಟ್ಟಿದ್ದರೆ ಒಣಗಿದೆ ಅಂತ ಲೆಕ್ಕ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಪುಕ್ಕಟೆ ಸಿಕ್ಕರೂ ಬೇಡ, ಹೊಗೆ ವಿಷ. ಕಣಗಿಲೆ ಕಡ್ಡಿಯೂ ಅಷ್ಟೇ, ಒಲೆಗೂ ಬೇಡ, ಬಾಡು ಚುಚ್ಚೋಕೂ ಬೇಡ.

ಎಷ್ಟು ಬೇಕು? ಮೂರು ಕಲ್ಲಿಟ್ಟು ಆರು ಜನಕ್ಕೆ ಅನ್ನ, ಸಾರು, ಎರಡು ಸಲ ಟೀ ಮಾಡೋಕೆ ನಮಗೆ ಹತ್ತು ಕೆ.ಜಿ. ಸಾಕಾಗಿದೆ. ಸುತ್ತ ಕೂತು ಹರಟೆಗೆ ಇನ್ನೊಂದು ಹತ್ತು. ಆಳೆತ್ತರದ ಜ್ವಾಲೆ ಸಿನಿಮಾಕ್ಕೆ ಇರಲಿ. ಒಲೆಗೆ ಹೊಳೆಯಲ್ಲಿ ನೆನೆದ ಕಲ್ಲು ತರಬೇಡಿ, ಕಾದಾಗ ಸಿಡಿಯುತ್ತೆ.

ಇನ್ನೊಂದು ಮಾತು. ಸಂಜೆ ತಲೆಹೊರೆ ಹೊತ್ತು ಬರೋ ಹೆಂಗಸರನ್ನು ತಡೆದು ‘ಅಮ್ಮಾ, ಕೊಡಮ್ಮ’ ಅಂತ ಚೌಕಾಸಿ ಮಾಡೋ ಹುಡುಗರನ್ನ ನೋಡಿದ್ದೀನಿ. ಆ ಹೊರೆ ಅವರ ಮನೆಯ ರಾತ್ರಿ ಊಟ, ಸ್ವಾಮಿ! ನಮ್ಮ ಮೋಜಿಗೆ ಅವರ ಒಲೆ ಆರಬಾರದು.

ಮಲಗುವ ಮುನ್ನ ನೀರು ಸುರಿದು, ಬೂದಿ ಕೆದಕಿ, ಮತ್ತೆ ನೀರು ಸುರಿಯಿರಿ. ಬೂದಿ ಕೈಗೆ ತಣ್ಣಗೆ ತಗುಲಿದರೆ ಮಾತ್ರ ‘ಶುಭಂ’ ಬೋರ್ಡು ಹಾಕಿ!