ಪುಟಗುರುತುಗಳ ಹಂಚಿಕೆಯೂ ಉಪಾಧ್ಯಾಯಿನಿಯರ ಕರ್ತವ್ಯವೂ

ಅಂತರ್ಜಾಲವೆಂಬ ವಿಶಾಲ ಗ್ರಂಥಾಲಯದ ಬಾಗಿಲು ನಮ್ಮ ಬಾಲಿಕೆಯರಿಗೂ ತೆರೆದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅಲ್ಲಿ ಕಾಳೂ ಜೊಳ್ಳೂ ಒಂದೇ ರಾಶಿಯಲ್ಲಿ ಬಿದ್ದಿರುವುವು. ವಿದ್ಯಾವಂತರ ಮನೆಯ ಹುಡುಗಿಗೆ ಇದನ್ನು ಓದು, ಅದನ್ನು ಬಿಡು ಎಂದು ಹೇಳುವ ಹಿರಿಯರುಂಟು. ತನ್ನ ಮನೆಯಲ್ಲಿ ತಾನೇ ಮೊದಲು ಅಕ್ಷರ ಕಲಿತವಳಿಗೆ ಹಾಗೆ ಹೇಳುವವರು ಯಾರು? ಉಪಾಧ್ಯಾಯಿನಿಯರಾದ ನಾವಲ್ಲದೆ ಮತ್ತಾರೂ ಇಲ್ಲ. ಆದುದರಿಂದ ಒಳ್ಳೆಯ ಜಾಲತಾಣಗಳನ್ನು ಆರಿಸಿ, ಗುರುತಿಟ್ಟು, ಎಲ್ಲರಿಗೂ ಸಿಕ್ಕುವಂತೆ ಇಡುವುದು ಬೋಧನೆಯ ಒಂದು ಅಂಗವೇ ಎಂಬುದು ನನ್ನ ಅಭಿಪ್ರಾಯವು.

ಈಗ ನಡೆಯುತ್ತಿರುವುದೇನು? ಒಬ್ಬಾಕೆ ಒಂದು ಉತ್ತಮ ಪುಟವನ್ನು ಕಂಡು ವಾಟ್ಸಾಪಿನಲ್ಲಿ ಕಳುಹಿಸುವಳು. ಸಂಜೆಯೊಳಗೆ ಅದು ಶುಭಾಶಯಗಳ ಕೆಳಗೆ ಹೂತುಹೋಗುವುದು. ಇನ್ನೊಬ್ಬಾಕೆ ತನ್ನ ಕಂಪ್ಯೂಟರಿನಲ್ಲಿಯೇ ಗುರುತಿಟ್ಟುಕೊಳ್ಳುವಳು. ಆಕೆ ಶಾಲೆಯನ್ನು ಬಿಟ್ಟ ದಿನ ಆ ಶ್ರಮವೂ ಅವಳೊಡನೆ ಹೋಗುವುದು. ಇದಕ್ಕೆ ಪರಿಹಾರವು ಸೋಶಿಯಲ್ ಬುಕ್‌ಮಾರ್ಕಿಂಗ್, ಎಂದರೆ ಸಾಮೂಹಿಕ ಪುಟಗುರುತು. 2003ರಲ್ಲಿ ಜೋಶುವಾ ಶಾಕ್ಟರ್ ಎಂಬವರು ಆರಂಭಿಸಿದ ಡೆಲಿಶಿಯಸ್ ಎಂಬ ತಾಣವು ಈ ಪದ್ಧತಿಯನ್ನು ಪ್ರಸಿದ್ಧಿಗೆ ತಂದಿತು. ಇದರಲ್ಲಿ ಪುಟದ ವಿಳಾಸವನ್ನು ಸ್ವಂತ ಯಂತ್ರದಲ್ಲಿ ಅಡಗಿಸಿಡದೆ, ಎಲ್ಲರೂ ನೋಡತಕ್ಕ ತಾಣದಲ್ಲಿ ಇರಿಸಿ, ಟ್ಯಾಗ್ ಎಂಬ ವಿಷಯಸೂಚಕ ಪದಗಳನ್ನು ಅದಕ್ಕೆ ಹಚ್ಚುವರು. ಒಂದು ಟ್ಯಾಗನ್ನು ಒತ್ತಿದರೆ ಅದೇ ವಿಷಯದಲ್ಲಿ ಇತರರು ಕೂಡಿಸಿಟ್ಟದ್ದೂ ಕಣ್ಣಮುಂದೆ ಬರುವುದು.

ಗೂಗಲ್ ಇರುವಾಗ, ಕೃತಕ ಬುದ್ಧಿಯ ಯಂತ್ರಗಳು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿರುವಾಗ, ಈ ಪಟ್ಟಿಯೇತಕ್ಕೆ ಎಂದು ಕೆಲವರು ಕೇಳಬಹುದು. ತಂದೆಯು ಕೆಲಸದಿಂದ ಬಂದ ಮೇಲೆ ಅರ್ಧ ಗಂಟೆ ಮಾತ್ರ ಫೋನು ಸಿಕ್ಕುವ ಹುಡುಗಿಯು ಪಾಠದ ಯಾವ ಹೆಜ್ಜೆಯಲ್ಲಿ ಎಡವಿದಳೆಂಬುದು ಯಂತ್ರಕ್ಕೆ ತಿಳಿಯದು. ಅವಳ ಉಪಾಧ್ಯಾಯಿನಿಗೆ ತಿಳಿದಿರುವುದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ತಾಣದಲ್ಲಿ ವಿಜ್ಞಾನದ ಪ್ರಯೋಗಗಳನ್ನು ತೆರೆಯ ಮೇಲೆಯೇ ಮಾಡಿ ನೋಡಬಹುದು. ಹಲವು ಕನ್ನಡದಲ್ಲಿಯೂ ಉಂಟು. ಅದರ ವಿಳಾಸವನ್ನಷ್ಟೇ ಕೊಟ್ಟರೆ ಹುಡುಗಿಯು ದಾರಿತಪ್ಪುವಳು. "ಹತ್ತನೆಯ ತರಗತಿ, ಓಮನ ನಿಯಮ, ವೋಲ್ಟೇಜನ್ನು ಇಮ್ಮಡಿಸಿ, ವಿದ್ಯುತ್ಪ್ರವಾಹವು ಏನಾಗುವುದೆಂದು ನೋಡು" ಎಂದು ಒಂದು ಸಾಲು ಬರೆದಿಟ್ಟರೆ ಆ ಅರ್ಧ ಗಂಟೆಯು ಸಾರ್ಥಕವಾಗುವುದು. ಪುಟಗುರುತಿನ ಬೆಲೆಯೆಲ್ಲ ಆ ಒಂದು ಸಾಲಿನಲ್ಲಿರುವುದು.

ಆದರೆ ಮೂರು ವಿಷಯಗಳಲ್ಲಿ ಎಚ್ಚರಿಕೆಯಿರತಕ್ಕದ್ದು. ಮೊದಲನೆಯದು, ಟ್ಯಾಗುಗಳಲ್ಲಿ ಒಮ್ಮತ. ಒಬ್ಬಾಕೆ ಸಸ್ಯಶಾಸ್ತ್ರವೆಂದೂ, ಮತ್ತೊಬ್ಬಾಕೆ ಗಿಡಮರಗಳೆಂದೂ, ಇನ್ನೊಬ್ಬಾಕೆ ಬಾಟನಿಯೆಂದೂ ಬರೆದರೆ ಒಂದೇ ಭಂಡಾರವು ಮೂರು ಪಾಲಾಗುವುದು. ಪದಗಳನ್ನು ಮೊದಲೇ ಕೂಡಿ ನಿಶ್ಚಯಿಸಬೇಕು. ಎರಡನೆಯದು, ಬಹಿರಂಗವಾದ ಪಟ್ಟಿಯಲ್ಲಿ ಬಾಲಿಕೆಯರ ಹೆಸರು ಬಾರದಿರಲಿ. ಅವರು ಹುಡುಕಿ ತಂದುದನ್ನು ಶಾಲೆಯ ಹೆಸರಿನಿಂದಲೇ ಇರಿಸುವುದು ಕ್ಷೇಮವು. ಮೂರನೆಯದು, ಈ ತಾಣಗಳಿಗೂ ಆಯುಷ್ಯದ ಮಿತಿಯುಂಟು. ಡೆಲಿಶಿಯಸ್ಸನ್ನು 2005ರಲ್ಲಿ ಯಾಹೂ ಕೊಂಡಿತು. ಕೈಯಿಂದ ಕೈಗೆ ದಾಟಿ 2017ರಲ್ಲಿ ಅದು ಪಿನ್‌ಬೋರ್ಡಿನ ಪಾಲಾಗಲು, ಹೊಸ ಗುರುತುಗಳನ್ನು ಸೇರಿಸುವುದು ನಿಂತುಹೋಯಿತು. ಓದತಕ್ಕ ಪುಟಗಳನ್ನು ಅನೇಕರು ಕೂಡಿಡುತ್ತಿದ್ದ ಮೊಜಿಲ್ಲಾ ಸಂಸ್ಥೆಯ ಪಾಕೆಟ್ ಎಂಬುದೂ 2025ರ ಜುಲೈಯಲ್ಲಿ ಮುಚ್ಚಿಹೋಯಿತು. ಆದಕಾರಣ ಪ್ರತಿ ಅವಧಿಯ ಕೊನೆಯಲ್ಲಿ ಪಟ್ಟಿಯ ಪ್ರತಿಯೊಂದನ್ನು ಇಳಿಸಿಕೊಂಡು, ಮತ್ತೊಂದನ್ನು ಮುದ್ರಿಸಿ ಶಾಲೆಯ ಗ್ರಂಥಾಲಯದಲ್ಲಿ ಇಡಬೇಕು. ಸತ್ತುಹೋದ ವಿಳಾಸಗಳನ್ನು ಆಗಲೇ ತೆಗೆದುಹಾಕಬೇಕು.

ಇದೇನೂ ದೊಡ್ಡ ಹೊರೆಯಲ್ಲ. ಹತ್ತು ಮಂದಿ ಉಪಾಧ್ಯಾಯಿನಿಯರು ವಾರಕ್ಕೊಂದು ಪುಟವನ್ನು ತಾವೇ ಓದಿ, ಒಂದು ಸಾಲು ಬರೆದಿಟ್ಟರೆ, 40 ವಾರಗಳಲ್ಲಿ 400 ಪುಟಗಳಾಗುವುವು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರು, ವಕೀಲೆಯರು, ಲೆಕ್ಕಪತ್ರ ಬಲ್ಲವರು ಅನೇಕರಿದ್ದೀರಿ. ನಿಮ್ಮ ನಿಮ್ಮ ವೃತ್ತಿಯಲ್ಲಿ ನಿಮಗೆ ನೆರವಾದ ಪುಟವೊಂದನ್ನು, ಅದು ಏಕೆ ಒಳ್ಳೆಯದೆಂಬ ಒಂದು ಮಾತಿನೊಡನೆ, ನಮಗೆ ಕಳುಹಿಸಿಕೊಡಿರಿ. ಹಣವಿಲ್ಲದವರೂ ಕೊಡಬಹುದಾದ ದಾನವಿದು. ಇದನ್ನು ಪಡೆಯುವ ಬಾಲಿಕೆಗೆ ಇದರಿಂದಾಗುವ ಉಪಕಾರವೋ ಅಲ್ಪವಲ್ಲ.