ಪುಟ್ಟ ಮೇಜಿನ ಮೇಲೊಂದು ಕಾಳಗ

ಸೋದರಿಯರೇ, ನವರಾತ್ರಿಗೆ ಪಟ್ಟದ ಬೊಂಬೆ ಕೂರಿಸೋದು ಇದ್ದದ್ದೇ. ಈ ಸಲ ಪಕ್ಕದಲ್ಲಿ 3 ಅಡಿ ಉದ್ದ, 2 ಅಡಿ ಅಗಲದ ಮೇಜು ಹಾಕಿ, 1799ರ ಮೇ 4ರ ಶ್ರೀರಂಗಪಟ್ಟಣದ ಕಾಳಗ ಜೋಡಿಸಿ ನೋಡಿ.

ಮೊದಲು ಹೊಳೆ, ಆಮೇಲೆ ಸೈನಿಕರು. ಹಳೇ ನೀಲಿ ರವಿಕೆ ಬಟ್ಟೆಯನ್ನು ಎರಡು ಕವಲಾಗಿ ಹಾಸಿ, ನಡುವೆ ದ್ವೀಪ ಬಿಡಿ. ನಂಜನಗೂಡಿನ ಕಪಿಲೆಯನ್ನೂ ತಿ. ನರಸೀಪುರದ ಸಂಗಮವನ್ನೂ ಕಂಡವರಿಗೆ ಬೇಸಿಗೆಯ ಹೊಳೆ, ಮಳೆಗಾಲದ ಹೊಳೆಗಳ ವ್ಯತ್ಯಾಸ ಹೇಳಬೇಕೇ? ಆಗ ಕನ್ನಂಬಾಡಿ ಕಟ್ಟೆಯೂ ಇರಲಿಲ್ಲ. ಮಳೆ ಹಿಡಿದು ಕಾವೇರಿ ತುಂಬಿದರೆ ದಾಟೋದು ಕಷ್ಟ ಅಂತ ಕಂಪನಿ ಸೈನ್ಯಕ್ಕೆ ಆತುರ. ಅದಕ್ಕೇ ಬಟ್ಟೆಯ ಮೇಲೆ ಮರಳು, ಬೆಣಚುಕಲ್ಲು ಚೆಲ್ಲಿ.

ಬೆಂಕಿಪೊಟ್ಟಣಗಳಿಗೆ ಜೇಡಿಮಣ್ಣು ಮೆತ್ತಿದರೆ ಕೋಟೆ ಗೋಡೆ. ವಾಯವ್ಯ ಮೂಲೆಯಲ್ಲಿ ಒಂದಿಷ್ಟು ಒಡೆದು ಬಿಡಿ. ಫಿರಂಗಿಗಳು ಮಾಡಿದ ಆ ಬಿರುಕಿನಿಂದಲೇ ಮಧ್ಯಾಹ್ನ ಶತ್ರುಗಳು ನುಗ್ಗಿದ್ದು. ಟಿಪ್ಪು ಸುಲ್ತಾನ ಸತ್ತದ್ದೂ ಅಂದೇ.

ಬೊಂಬೆ ಕಡಿಮೆಯಿದ್ದರೆ ಚಿಂತೆ ಬೇಡ, ಕಡೆಗೆ ಹತ್ತು ಸಾಕು. ಆದರೆ ಕಂಪನಿ ಕಡೆಯವರೆಲ್ಲ ಬಿಳೀ ಮುಖದವರೇ ಆಗಬಾರದು. ಅವರಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದರು, ಜೊತೆಗೆ ನಿಜಾಮನ ಸೈನ್ಯ. "ಗೆದ್ದೋರು ಯಾರಮ್ಮ?" ಅಂತ ಮಕ್ಕಳು ಕೇಳಿದಾಗ ಇದನ್ನೂ ಹೇಳಿ. ಇಬ್ಬರ ಕಡೆಯಲ್ಲೂ ಮನೆಗೆ ಮರಳದ ಮಕ್ಕಳಿದ್ದರು.

ವಿಜಯದಶಮಿ ರಾತ್ರಿ ಬೊಂಬೆ ಮಲಗಿಸುವಾಗ ಎರಡೂ ಸೈನ್ಯವನ್ನು ಒಂದೇ ಪೆಟ್ಟಿಗೆಯಲ್ಲಿ ಮಲಗಿಸಿ.